ಕರ್ಪೂರ ಹಚ್ಚಿಸಿ ರಿಪೇರಿ ರೇಟು ಕೇಳಿದ ಗುರುಮಲ್ಲಪ್ಪ

ಕಂಪಲಾಪುರದ ಗುರುಮಲ್ಲಪ್ಪನವರು ಜೀವಮಾನದಲ್ಲಿ ಯಾರ ಮಾತನ್ನೂ ಬರೀ ಮಾತು ಅಂತ ನಂಬಿದವರಲ್ಲ. ಮಾತಿನ ಹಿಂದೆ ಮಾದಪ್ಪನ ಆಣೆ ಇರಬೇಕು, ಆಣೆಗೆ ಅಂಗೈ ಮೇಲೆ ಉರಿಯುವ ಕರ್ಪೂರ ಇರಬೇಕು. ಅವೆರಡೂ ಇದ್ದರೆ ಕತ್ತೆಗೆ ಕೊಂಬು ಮೂಡಿತು ಅಂದರೂ ನಂಬುತ್ತಿದ್ದರು. ಅಂಗಿಯ ಜೇಬಿನಲ್ಲಿ ಎಲೆ ಅಡಿಕೆಯ ಜೊತೆಗೆ ಕರ್ಪೂರವೂ ಸದಾ ಇರುತ್ತಿತ್ತು. ಒಂದು ಸಲ ಹಸು ಮಾರಲು ಬಂದವನೊಬ್ಬ ಕರ್ಪೂರ ಹಚ್ಚಿ "ಒದೆಯಲ್ಲ" ಅಂದ. ಅದು ಮೊದಲ ದಿನವೇ ಒದ್ದು ಅವರ ಮುಂದಿನ ಹಲ್ಲು ಉದುರಿಸಿತು. "ಸುಳ್ಳು ಆಣೆ ಮಾಡಿದೋನಿಗೆ ತಟ್ಟದೆ ಬುಡಲ್ಲ" ಅಂತ ಬೊಚ್ಚುಬಾಯಲ್ಲಿ ಶಾಪ ಹಾಕಿದರೇ ಹೊರತು, ಹಲ್ಲಿನ ಜೊತೆ ನಂಬಿಕೆ ಉದುರಲಿಲ್ಲ. ಇಂಥ ಬುದ್ಧಿವಂತ ಊರಿಗೊಬ್ಬ ಇದ್ದರೆ ಸಾಕು, ಸುತ್ತಲಿನ ಹಳ್ಳಿಯ ಕಳ್ಳರೆಲ್ಲ ಹೊಟ್ಟೆ ತುಂಬ ಉಣ್ಣಬಹುದು.

ಇವರ ಮನೆಗೆ ಸೊಸೆಯಾಗಿ ಬಂದವಳು ಪುಷ್ಪಾ. ಗಂಡ ನಂಜುಂಡೇಶ್ ಅಪ್ಪನ ಎದುರು ಬಾಯಿದ್ದೂ ಇಲ್ಲದವನು. ಮದುವೆಯಾಗಿ ಕೆಲವು ವರ್ಷ ಅವಳೂ ಎಲ್ಲ ಸೊಸೆಯರ ಹಾಗೆ ಹಸಿ ಹೊಗೆಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟಿದಳು, ಕೈಯ ಅಂಟು ಉಣ್ಣುವ ಮುದ್ದೆಯನ್ನೂ ಕಹಿ ಮಾಡುವಷ್ಟು ಕಟ್ಟಿದಳು. ಆಮೇಲೆ ಸಾಕಾಯಿತು. ತವರಿನವರು ಹಾಕಿದ್ದ ಬಳೆ, ಸರ ಮಾರಿ, ಡ್ರೈವಿಂಗ್ ಕಲಿತು, ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಸಣ್ಣ ಪಿಕಪ್ ಗಾಡಿ ತಂದಳು. ಆರ್‌ಸಿ ತನ್ನ ಹೆಸರಿಗೇ ಮಾಡಿಸಿದಳು. ಸುತ್ತಲಿನ ರೈತರು ಒಣಗಿಸಿ ಒತ್ತಿ ಕಟ್ಟಿದ ಹೊಗೆಸೊಪ್ಪಿನ ಬೇಲುಗಳನ್ನು ಪಿರಿಯಾಪಟ್ಟಣದ ಹರಾಜಿಗೆ ಮುಟ್ಟಿಸುವುದು ಅವಳ ಕೆಲಸವಾಯಿತು. ಗಾಡಿ ಇದ್ದರೆ ಅವಳು ಪುಷ್ಪಕ್ಕ, ಇಲ್ಲದಿದ್ದರೆ ಮತ್ತೆ ಸೊಪ್ಪು ಕಟ್ಟುವ ಸೊಸೆ. ಹೆಂಗಸು ಸ್ಟೇರಿಂಗ್ ಹಿಡಿದದ್ದು ಮೊದಲ ದಿನದಿಂದಲೂ ಮಾವನ ಗಂಟಲಿಗೆ ಸಿಕ್ಕ ಮುಳ್ಳಾಗಿತ್ತು.

ಕಳೆದ ವರ್ಷ ಹರಾಜು ಬಿರುಸಾಗಿದ್ದಾಗ ಗಾಡಿ ಊರ ಮುಂದೆಯೇ ಬುಸ್ಸೆಂದು ಹಬೆ ಬಿಟ್ಟು ನಿಂತಿತು. ಬರುವ ಸೋಮವಾರ ಸಿದ್ದಯ್ಯನ ಬೇಲುಗಳ ಸರದಿ. ಅವನೇ ಅವಳ ದೊಡ್ಡ ಗಿರಾಕಿ. ಅವನು ಬೇರೆ ಗಾಡಿ ನೋಡಿಕೊಂಡರೆ ಇಡೀ ಬೀದಿ ಅವನ ಹಿಂದೆ ಹೋಗುತ್ತದೆ. ಪುಷ್ಪಾ ಗಾಡಿಯನ್ನು ತಳ್ಳಿಸಿಕೊಂಡು ರಸ್ತೆ ಬದಿಯ ಅಂಕಯ್ಯನ ಗ್ಯಾರೇಜಿಗೆ ತಂದಳು. ಯಾರೂ ಕರೆಯದಿದ್ದರೂ ಗುರುಮಲ್ಲಪ್ಪನವರು ಹಿಂದೆಯೇ ಬಂದರು.

ಅಂಕಯ್ಯನ ಬಗ್ಗೆ ಒಳ್ಳೆಯ ಮಾತು ಆಡುವುದು ಕಷ್ಟ. ಮುಖ ಯಾವಾಗಲೂ ಹರಳೆಣ್ಣೆ ಕುಡಿದ ಹಾಗೆ. ಹೇಳಿದ ದಿನಕ್ಕೆ ಗಾಡಿ ಕೊಟ್ಟ ಚರಿತ್ರೆಯಿಲ್ಲ. ಗಿರಾಕಿ ಕೂರಲು ಒಂದು ಸವೆದ ಟೈರು ಬಿಟ್ಟರೆ ಬೇರೆ ಗತಿಯಿಲ್ಲ.

"ಎಷ್ಟಾಯ್ತದೆ?" ಎಂದರು ಗುರುಮಲ್ಲಪ್ಪ.

"ಎಂಜಿನ್ ಕಾದದೆ. ಆರ್ಲಿ. ಬಿಚ್ಚಿ ನೋಡಿ ಏಳ್ತೀನಿ."

"ಈಗ್ಲೇ ಏಳು. ಅದ್ರ ಮೇಲೆ ಒಂದು ಕಾಸು ಕೇಳಲ್ಲ ಅಂತ ಮಾದಪ್ಪನ ಆಣೆ ಮಾಡು." ಕರ್ಪೂರ ಆಗಲೇ ಜೇಬಿನಿಂದ ಹೊರಗೆ ಬಂದಿತ್ತು.

ಅಂಕಯ್ಯ ಅವರನ್ನು ಮೇಲಿಂದ ಕೆಳಗೆ ನೋಡಿದ. "ಒಳಗೇನಾಗದೆ ಅಂತ ನೋಡ್ದೆ ಎಂಗೆ ಆಣೆ ಮಾಡ್ಲಿ? ಮಾದಪ್ಪನ್ನ ಇಲ್ಲಿಗೆ ಕರೀಬೇಡಿ ಕಣ್ರೀ, ಎಲ್ಲಾ ಗ್ರೀಸು. ಬೇಕಾದ್ರೆ ಬುಟ್ಟೋಗಿ, ಬೇಡ್ದಿದ್ರೆ ಎಳ್ಕಂಡೋಗಿ ಅತ್ಲಾಗೆ." ಅಷ್ಟು ಹೇಳಿ ಬೇರೆ ಗಾಡಿಯ ಅಡಿಗೆ ತೂರಿಕೊಂಡ.

"ಕಂಡ್ಯಾ? ಆಣೆ ಅಂದೇಟ್ಗೆ ಎದ್ರುಬುಟ್ಟ. ಕಳ್ಳ ಕಣವ್ವ ಇವ್ನು."

"ಮಾವ, ನೋಡಿ ಏಳ್ತೀನಿ ಅನ್ನೋನೆ ವಾಸಿ," ಎಂದಳು ಪುಷ್ಪಾ. ಅಷ್ಟರಲ್ಲಿ ನಂಜುಂಡೇಶ್ ಅಪ್ಪನ ಅಪ್ಪಣೆಯಂತೆ ಟ್ರಾಕ್ಟರ್ ತಂದು ಹಗ್ಗ ಕಟ್ಟುತ್ತಿದ್ದ. ಅವನಿಗೆ ಹಗ್ಗ ಕಟ್ಟುವ ಕೆಲಸ ಮಾತ್ರ ಚೆನ್ನಾಗಿ ಬರುತ್ತಿತ್ತು. ಪುಷ್ಪಾಗೆ ಮೈಯೆಲ್ಲ ಉರಿದುಹೋಯಿತು. ಆದರೂ ನಡುರಸ್ತೆಯಲ್ಲಿ ಜಗಳ ಬೇಡವೆಂದು ಗಾಡಿ ಹತ್ತಿ ಸ್ಟೇರಿಂಗ್ ಹಿಡಿದಳು.

ಗಾಡಿ ಹೋದದ್ದು ಪಿರಿಯಾಪಟ್ಟಣದ ಶಶಿಕುಮಾರನ ವರ್ಕ್‌ಶಾಪಿಗೆ. ಅಲ್ಲಿ ಟೈಲ್ಸ್ ಹಾಕಿದ ನೆಲ, ಮೆತ್ತನೆ ಕುರ್ಚಿ, ಗಿರಾಕಿಗೆ ತಣ್ಣನೆ ನೀರು. ಶಶಿಕುಮಾರ ಗುರುಮಲ್ಲಪ್ಪನವರ ಕಾಲು ಮುಟ್ಟಿ "ಅಪ್ಪಾಜಿ" ಅಂದ. ಆಣೆಯ ವಿಷಯ ಬಾಯಿಗೆ ಬರುತ್ತಿದ್ದಂತೆ, "ನಿಮ್ಮ ಕರ್ಪೂರ ಯಾಕೆ ಅಪ್ಪಾಜಿ, ನಮ್ದೇ ಅದೆ," ಅಂತ ಮಾದಪ್ಪನ ಫೋಟೋದ ಕೆಳಗಿಂದ ತಟ್ಟೆ ತೆಗೆದ. ವರ್ಕ್‌ಶಾಪಿನಲ್ಲಿ ಸ್ಪ್ಯಾನರಿಗಿಂತ ಹೆಚ್ಚು ಸವೆದಿದ್ದು ಆ ತಟ್ಟೆಯೇ ಇರಬೇಕು. ಎಂಜಿನ್ನಿನ ಕಡೆ ಕಣ್ಣೂ ಹಾಯಿಸದೆ ಬಾಯಿಗೆ ಬಂದ ಒಂದು ಸಣ್ಣ ಮೊತ್ತ ಹೇಳಿ, ಶನಿವಾರಕ್ಕೆ ಗಾಡಿ ರೆಡಿ ಅಂತ ಆಣೆ ಮಾಡಿದ. ಗುರುಮಲ್ಲಪ್ಪನವರು ಸೊಸೆಯ ಕಡೆ ತಿರುಗಿ, ಈಗೇನಂತೀಯ ಅನ್ನುವ ಹಾಗೆ ಮೀಸೆ ತೀಡಿದರು.

ಮಾರನೆಯ ದಿನ ಫೋನು ಬಂತು. ಎಂಜಿನ್ ಬಿಚ್ಚಿದ್ದಾನಂತೆ, ವಾಟರ್ ಪಂಪು ಹೋಗಿದೆಯಂತೆ. ಅದರ ಮಾರನೆಯ ದಿನ ಎಂಜಿನ್ನಿನ ಹೆಡ್ಡೂ ಹೋಗಿತ್ತು. ಪ್ರತಿ ಸಲವೂ ಗುರುಮಲ್ಲಪ್ಪನವರು ಬಸ್ಸು ಹತ್ತಿ ಹೋಗಿ, ಹೊಸ ರೇಟಿಗೆ ಹೊಸ ಆಣೆ ಮಾಡಿಸಿಕೊಂಡು, ಮದುವೆ ಊಟ ಉಂಡವರ ಹಾಗೆ ವಾಪಸ್ಸು ಬಂದರು. ರೇಟು ಏರಿದ್ದು ಅವರಿಗೆ ಕಾಣಲಿಲ್ಲ, ಕರ್ಪೂರ ಉರಿದದ್ದು ಕಂಡಿತು.

ಶನಿವಾರ ಪುಷ್ಪಾ ತಾನೂ ಹೋದಳು. ಶಶಿಕುಮಾರ ತುಕ್ಕು ಹಿಡಿದ ಒಂದು ಪಂಪನ್ನು ಮೇಜಿನ ಮೇಲಿಟ್ಟ. "ನೋಡಿ ಅಕ್ಕ, ನಿಮ್ಮ ಗಾಡೀದು."

"ನಮ್ದಲ್ಲ ಇದು. ನಾವು ಯುಗಾದೀಲಿ ಹೊಸದು ಹಾಕ್ಸಿದ್ವಿ. ನನ್ನ ಎಂಜಿನ್ ತೋರ್ಸಿ."

"ಒಳಗೆ ಕಸ್ಟಮರ್‌ನ ಬುಡಂಗಿಲ್ಲ ಅಕ್ಕ, ಸೇಫ್ಟಿ," ಎನ್ನುತ್ತ ತಟ್ಟೆಗೆ ಕೈ ಹಾಕಿದ.

"ಆಣೆ ಮಾಡ್ತಾವ್ನಲ್ಲ, ಸುಮ್ಕಿರು," ಎಂದು ಗುರುಮಲ್ಲಪ್ಪ ಸೊಸೆಯನ್ನೇ ಗದರಿದರು.

ಪುಷ್ಪಾ ಎದ್ದು ಬಂದಳು. ಮಾವ ಅಲ್ಲೇ ಉಳಿದರು. ಸಂಜೆ ಅವರು ಮನೆಗೆ ಬಂದಾಗ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಮುಖದಲ್ಲಿ ಬೆಳಕು.

"ಗಾಡಿ ಕೊಟ್ಬುಟ್ಟೆ ಕಣವ್ವ. ಎಂಜಿನ್ನು ಪೂರ್ತಿ ಸತ್ತೋಗದಂತೆ. ಪಾಪ, ಶಶೀನೇ ತಕಳ್ತಾನೆ. ಇದಕ್ಕಿಂತ ಜಾಸ್ತಿ ಯಾರೂ ಕೊಡಲ್ಲ ಅಂತ ಆಣೆ ಮಾಡ್ದ. ಕೊಡ್ತೀನಿ ಅಂತ ನಾನೂ ಮಾಡ್ದೆ."

ಒಲೆಯ ಮುಂದೆ ಕೂತಿದ್ದ ಪುಷ್ಪಾ ನಿಧಾನವಾಗಿ ಎದ್ದಳು. "ಯಾರ ಗಾಡಿ ಮಾವ?"

"ಮನೆ ಗಾಡಿ."

"ನನ್ನ ಬಳೆ ಮಾರಿ ತಂದಿದ್ದು. ಆರ್‌ಸಿ ನನ್ನ ಹೆಸ್ರಲ್ಲದೆ."

"ಆಣೆ ಮುರಿದ್ರೆ ಮಾದಪ್ಪ ನನ್ನ ಕಣ್ಣು ಕಿತ್ಕತಾನೆ ಕಣವ್ವ."

"ಆಣೆ ನಿಮ್ದು, ಗಾಡಿ ನಂದು. ಕಣ್ಣಿನ ವಿಷ್ಯ ನೀವೂ ಮಾದಪ್ಪನೂ ಮಾತಾಡ್ಕಳಿ." ಗಂಡನ ಕಡೆ ತಿರುಗಿ, "ಬೆಳಿಗ್ಗೆ ಟ್ರಾಕ್ಟರ್ ತಗೀರಿ," ಎಂದಳು. ಆವತ್ತು ರಾತ್ರಿ ಆ ಮನೆಯಲ್ಲಿ ಬಾಳೆಹಣ್ಣು ಯಾರೂ ಮುಟ್ಟಲಿಲ್ಲ.

ಭಾನುವಾರ ಮೂವರೂ ಹೋದರು. ಗುರುಮಲ್ಲಪ್ಪನವರು ಹೋದದ್ದು ಶಶಿಕುಮಾರನ ಕ್ಷಮೆ ಕೇಳಲು. ಆ ಮಹಾನುಭಾವ ಮಾತ್ರ ಗಾಡಿ ಬಿಡಲು ಒಪ್ಪಲಿಲ್ಲ.

"ಎಂಜಿನ್ ಪೂರ್ತಿ ಬಿಚ್ಚಿಟ್ಟಿದೀನಿ ಅಕ್ಕ, ಎಲ್ಲಾ ಡಬ್ಬದಲ್ಲದೆ. ಇವತ್ತು ಎಂಗೆ ಕೊಡ್ಲಿ?"

"ಡಬ್ಬದಲ್ಲೇ ಕೊಡಿ. ಬುಟ್ಟೀಲಿ ಒತ್ಕಂಡೋಯ್ತೀನಿ." ಪುಷ್ಪಾ ಎದುರಿನ ಹೋಟೆಲಿನವರಿಗೆಲ್ಲ ಕೇಳುವ ಹಾಗೆ ಹೇಳಿ, ಆರ್‌ಸಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಳು. ಟೀ ಕುಡಿಯುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದರು. ಹರಾಜಿಗೆ ಗಾಡಿ ಓಡಿಸುವವರೇ ಅವರಲ್ಲಿ ಹೆಚ್ಚು. ಶಶಿಕುಮಾರ ಅವರ ಮುಖಗಳನ್ನು ನೋಡಿದ. ಜೋಡಿಸಿ ಕೊಡುತ್ತೇನೆ ಅಂದು ಶಟರ್ ಎಳೆದುಕೊಂಡು ಒಳಗೆ ಹೋದ. ಒಂದು ಟೀ ಕುಡಿಯುವಷ್ಟರಲ್ಲಿ ಗಾಡಿ ಹೊರಗೆ ಬಂತು. ಡಬ್ಬದಲ್ಲಿದ್ದ ಎಂಜಿನ್ನು ಅಷ್ಟು ಬೇಗ ಗಾಡಿಯೊಳಗೆ ಹೋಗಿ ಕೂತದ್ದು ಕಂಡು ಗುರುಮಲ್ಲಪ್ಪನವರು, "ಕೈಚಳಕ ನೋಡು ಅವ್ನುದು," ಎಂದು ತಲೆದೂಗಿದರು. ಇಂಥವರಿಗೆ ಏನು ಹೇಳುವುದು!

ಟ್ರಾಕ್ಟರಿಗೆ ಕಟ್ಟಿ ಗಾಡಿಯನ್ನು ಮತ್ತೆ ಊರಿನ ಗ್ಯಾರೇಜಿಗೆ ಎಳೆದು ತಂದಾಗ ಅಂಕಯ್ಯ ಅದೇ ಹರಳೆಣ್ಣೆ ಮುಖದಲ್ಲಿ ಎದ್ದು ಬಂದ. ಇನ್ನೊಬ್ಬರು ಬಿಚ್ಚಿದ ಎಂಜಿನ್ ತಾನು ಮುಟ್ಟುವುದಿಲ್ಲ ಅಂತ ಗೊಣಗಿ, ಕೊನೆಗೆ ಸೀಟು ಎತ್ತಿ ಅದರಡಿಯ ಎಂಜಿನ್ನಿಗೆ ಟಾರ್ಚು ಬಿಟ್ಟ.

"ಇದನ್ನ ಬಿಚ್ಚವ್ನೆ ಅಂದೋರು ಯಾರು?"

"ಶಶಿಕುಮಾರ. ಪೂರ್ತಿ ಬಿಚ್ಚವ್ನೆ," ಎಂದರು ಗುರುಮಲ್ಲಪ್ಪ.

"ಇಲ್ಬನ್ನಿ, ನೀವೇ ನೋಡಿ."

ಮೂವರೂ ಬಗ್ಗಿದರು. ಎಂಜಿನ್ನಿನ ಒಂದೊಂದು ಬೋಲ್ಟಿನ ಸುತ್ತಲೂ ಹೋದ ಮಳೆಗಾಲದ ಕೆಸರು ಒಣಗಿ ಗಾರೆಯಂತೆ ಕೂತಿತ್ತು. ಒಂದಕ್ಕೂ ಸ್ಪ್ಯಾನರ್ ತಾಗಿದ ಗುರುತಿರಲಿಲ್ಲ. ಯುಗಾದಿಗೆ ಹಾಕಿಸಿದ ಪಂಪು ಇದ್ದಲ್ಲೇ ಇತ್ತು. ಅದರ ಕೆಳಗೆ ನೀರಿನ ರಬ್ಬರ್ ಪೈಪೊಂದು ಉದ್ದಕ್ಕೆ ಸೀಳಿಹೋಗಿತ್ತು, ಅಷ್ಟೇ. ಗುರುಮಲ್ಲಪ್ಪನವರು ಒಂದು ಬೋಲ್ಟಿನ ಮೇಲೆ ಬೆರಳು ಒತ್ತಿ ತಿಕ್ಕಿದರು. ಕೆಸರು ಪುಡಿಪುಡಿಯಾಗಿ ಉದುರಿತು. ಅವರು ಮತ್ತೊಂದು ಬೋಲ್ಟನ್ನೂ ತಿಕ್ಕಿ ನೋಡಿದರು. ಮುಖ ಬಿಳುಚಿಕೊಂಡಿತ್ತು. ಶಶಿಕುಮಾರ ಅಷ್ಟು ಸಲ ಆಣೆ ಮಾಡಿದ್ದೆಲ್ಲ ಬಿಚ್ಚದೇ ಇದ್ದ ಎಂಜಿನ್ನಿನ ಮೇಲೆ.

ಅಂಕಯ್ಯ ಹೊಸ ಪೈಪು ಹಾಕಿದ, ನೀರು ತುಂಬಿದ, ರೇಟು ಹೇಳಿದ. ಪುಷ್ಪಾ ಕೊಟ್ಟಳು. ಗಾಡಿ ಒಂದೇ ಸೆಲ್ಫ್‌ಗೆ ಶುರುವಾದಾಗ ಅವಳ ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡಳು.

ಗುರುಮಲ್ಲಪ್ಪನವರು ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕಿಟಕಿಯ ಹತ್ತಿರ ಬಂದರು. "ಪುಷ್ಪಾ, ಬಿಚ್ಚೇ ಇರ್ನಿಲ್ಲ ಅನ್ನೋದ ಊರಲ್ಲಿ ಯಾರ್ಗೂ ಏಳ್ಬ್ಯಾಡ ಕಣವ್ವ. ಮುಖ ಎತ್ಕಂಡು ತಿರ್ಗಕ್ಕಾಗಲ್ಲ."

ಅವಳು ಗೇರು ಹಾಕಿದಳು.

"ಏಳಲ್ಲ ಅಂತ ಆಣೆ ಮಾಡು," ಎಂದರು ಗುರುಮಲ್ಲಪ್ಪ.

ಪುಷ್ಪಾ ಆಣೆ ಮಾಡಲಿಲ್ಲ. ನೇರ ಸಿದ್ದಯ್ಯನ ಮನೆಯ ಮುಂದೆ ಗಾಡಿ ನಿಲ್ಲಿಸಿ, ಬೇಲು ಹೇರಲು ಬಂದವರೆಲ್ಲರ ನಡುವೆ ನಿಂತು, ಮೊದಲಿಂದ ಕೊನೆಯವರೆಗೆ ಒಂದೂ ಬಿಡದೆ ಹೇಳಿದಳು.