ಸೋಲಪ್ಪನ ಓಟು

ಬ್ಯಾಗ್ ರಿಪೇರಿ ಅಂಗಡಿಯವನ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಸೋಲಪ್ಪ ಎಂದರೆ ಸಾಕು, ಎದುರಿನ ಚಹಾದಂಗಡಿಯವನಿಂದ ಹಿಡಿದು ಶಾಲೆಗೆ ಹೋಗುವ ಮಕ್ಕಳವರೆಗೆ ಎಲ್ಲರೂ ಅವನ ಅಂಗಡಿಯ ಕಡೆಗೇ ಬೊಟ್ಟು ಮಾಡುತ್ತಿದ್ದರು. ಕಾರಣ ಇಷ್ಟೆ: ಓಟು ಹಾಕುವ ವಯಸ್ಸು ಬಂದಾಗಿನಿಂದ ಇವನು ಯಾರಿಗೆ ಹಾಕಿದರೂ ಅವರು ಸೋಲುತ್ತಿದ್ದರು. ರಾಜ್ಯದ ಚುನಾವಣೆ ಇರಲಿ, ದೇಶದ್ದಿರಲಿ, ತಪ್ಪಿದ್ದೇ ಇಲ್ಲ. ಒಮ್ಮೆ ಬೇಸತ್ತು ಪಕ್ಷ ಬದಲಿಸಿದ. ಆ ಸಲವೇ ಅವನ ಹಳೇ ಪಕ್ಷ ಭರ್ಜರಿಯಾಗಿ ಗೆದ್ದು ಪಟಾಕಿ ಹೊಡೆಯಿತು. ಬೇರೆಯವರಾಗಿದ್ದರೆ ಯಾರಿಗೆ ಹಾಕಿದೆ ಎಂದು ಬಾಯಿ ಬಿಡುತ್ತಿರಲಿಲ್ಲ. ಈ ಪುಣ್ಯಾತ್ಮನ ಹೊಟ್ಟೆಯಲ್ಲಿ ಮಾತು ನಿಲ್ಲಬೇಕಲ್ಲ! ಬೆರಳಿನ ಶಾಯಿ ಒಣಗುವ ಮೊದಲೇ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಒದರಿಬಿಡುತ್ತಿದ್ದ.

ಪ್ರಚಾರಕ್ಕೆ ಬಂದ ಹುಡುಗರು ಅವನ ಅಂಗಡಿ ಮುಂದೆ ನಿಂತು, "ದಮ್ಮಯ್ಯ, ಬೇರೆ ಯಾರಿಗಾದ್ರೂ ಹಾಕು, ನಮಗೆ ಮಾತ್ರ ಬೇಡ" ಎಂದು ಕೈ ಮುಗಿಯುತ್ತಿದ್ದರು. ಅವನೂ ನಗುತ್ತಿದ್ದ. ಕಚ್ಚಿಕೊಂಡ ಜಿಪ್ಪಿಗೆ ಮೇಣ ತಿಕ್ಕುತ್ತಾ, "ಹಾಗಾದ್ರೆ ನಿಮಗೇ ಹಾಕ್ತೀನಿ ನೋಡ್ರೋ" ಎಂದು ಹೆದರಿಸುತ್ತಿದ್ದ. ಯಾರೋ ಸೋತರೆ, ಯಾರೋ ಗೆದ್ದರೆ, ಇವನ ಗಂಟೇನು ಹೋಗುತ್ತಿತ್ತು? ಅವನ ಅಕ್ಕ ಚುನಾವಣೆಗೆ ನಿಲ್ಲುವವರೆಗೆ ಅದು ಬರೀ ತಮಾಷೆಯಾಗಿಯೇ ಇತ್ತು.

ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಅವಳ ಕೈಗುಣ ದೊಡ್ಡದು ಎಂದು ಊರೇ ಹೇಳುತ್ತಿತ್ತು. ಚಹಾದಂಗಡಿಯವನ ಮಕ್ಕಳಿಬ್ಬರೂ ಅವಳ ಕೈಯಲ್ಲೇ ಹುಟ್ಟಿದವರು. ಗಾಯಕ್ಕೆ ಹೊಲಿಗೆ ಹಾಕುತ್ತಿದ್ದ ಆ ಕೈಯೇ, ಓದು ತಲೆಗೆ ಹತ್ತದೆ ಅಲೆಯುತ್ತಿದ್ದ ತಮ್ಮನನ್ನು ಮಷೀನಿನ ಮುಂದೆ ಕೂರಿಸಿ ಚೀಲಕ್ಕೆ ಹೊಲಿಗೆ ಹಾಕುವುದನ್ನು ಕಲಿಸಿತ್ತು. ಅಂಥವಳು ಕೆಲಸ ಮಾಡಿದ ಹೆರಿಗೆ ವಾರ್ಡನ್ನು ಶಾಸಕ ಮುಚ್ಚಿಸಿದ. ಬಸುರಿಯರು ಊರಾಚೆಯ ದೊಡ್ಡ ಆಸ್ಪತ್ರೆಗೆ ಹೋಗಲಿ ಎಂದ. ಅಕ್ಕ ಅವನ ಮನೆಗೆ ಅಲೆದಲೆದು ಚಪ್ಪಲಿ ಸವೆಸಿದಳು. ಒಳಗೆ ಬಾ ಎಂದವರಿಲ್ಲ. ಕೊನೆಗೆ ರೋಸಿಹೋಗಿ, ಯಾವ ಪಕ್ಷವೂ ಬೇಡ ಎಂದು ತಾನೇ ನಿಂತುಬಿಟ್ಟಳು. ಅವಳಿಗೆ ಸಿಕ್ಕ ಗುರುತು ಬಕೆಟ್ಟು.

ಚಹಾದಂಗಡಿಗೆ ಹಬ್ಬವೇ ಆಯಿತು. "ಅಯ್ಯೋ ಸೋಲಪ್ಪ, ನೀನು ಬಕೆಟ್ಟಿಗೆ ಒತ್ತಿದ್ರೆ ತಳ ಕಿತ್ತುಹೋಗುತ್ತೆ ಕಣೋ!" ಎಂದ ಅಂಗಡಿಯವನು. "ಅಕ್ಕ ಗೆಲ್ಬೇಕು ಅಂದ್ರೆ ನೀನು ಆ ಶಾಸಕನಿಗೇ ಹಾಕು. ಅಲ್ಲಿಗೆ ಅವನ ಕಥೆ ಮುಗೀತು!"

ಬೆಂಚಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೋಲಪ್ಪನೂ ನಕ್ಕ. ಆದರೆ ಆ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ಮಷೀನು ತುಳಿಯುವಾಗ, ಹರಿದ ಪಟ್ಟಿ ಬಿಚ್ಚುವಾಗ, ಅನ್ನ ಕಲೆಸುವಾಗ ಅದೇ ಯೋಚನೆ. ಇಷ್ಟು ವರ್ಷ ಒಮ್ಮೆಯೂ ತಪ್ಪದ್ದು ಈಗ ತಪ್ಪುತ್ತದೆಯೇ? ತನ್ನ ದರಿದ್ರ ಕೈ ಅಕ್ಕನ ಹೆಸರಿಗೆ ತಾಗಿದರೆ ಅವಳ ಗತಿ ಏನು? ನಗಬೇಡಿ. ಪ್ರೀತಿ ಇರುವ ಕಡೆ ಬುದ್ಧಿವಂತರೂ ಹೀಗೆಯೇ ಯೋಚಿಸುತ್ತಾರೆ, ಹೊರಗೆ ಹೇಳಿಕೊಳ್ಳುವುದಿಲ್ಲ ಅಷ್ಟೆ.

ಮತಗಟ್ಟೆಯ ರಟ್ಟಿನ ಮರೆಯಲ್ಲಿ ಅವನು ತುಂಬ ಹೊತ್ತು ನಿಂತ. ಅಕ್ಕನ ಹೆಸರು ಕೆಳಗಿತ್ತು, ಪಕ್ಕದಲ್ಲಿ ಪುಟ್ಟ ಬಕೆಟ್ಟು. ಶಾಸಕನ ಹೆಸರು ಎಲ್ಲಕ್ಕಿಂತ ಮೇಲೆ. 'ನೀನು ಹಾಳಾಗಿ ಹೋಗು' ಎಂದು ಮನಸ್ಸಿನಲ್ಲೇ ಬೈದು ಶಾಸಕನ ಗುಂಡಿ ಒತ್ತಿದ.

"ಯಾರಿಗೋ?" ಎಂದ ಚಹಾದಂಗಡಿಯವನು.

"ಇನ್ಯಾರಿಗೆ? ಅಕ್ಕನಿಗೆ."

ಓಟಿನ ವಿಷಯದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. "ಮುಗಿಸಿಬಿಟ್ಟೆಯಲ್ಲೋ!" ಎಂದು ಎಲ್ಲರೂ ತಲೆ ಚಚ್ಚಿಕೊಂಡರು. ಇವನು ಒಳಗೊಳಗೇ ಹಿಗ್ಗಿದ. ಫಲಿತಾಂಶ ಬರಲಿ, ಆಮೇಲೆ ಹೇಳಿದರೆ ಅಕ್ಕನೇ ಬೆನ್ನು ತಟ್ಟುತ್ತಾಳೆ ಎಂದುಕೊಂಡ.

ಎಣಿಕೆಯ ದಿನ ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಶಾಸಕ ಹಿಂದೆಂದೂ ಇಲ್ಲದಷ್ಟು ಅಂತರದಲ್ಲಿ ಗೆದ್ದ. ಅಕ್ಕನಿಗೆ ಮುನ್ನೂರು ಚಿಲ್ಲರೆ ಓಟು, ಠೇವಣಿಯೂ ಹೋಯಿತು. ಚಹಾದಂಗಡಿಯವನು ಅಂದು ತಮಾಷೆ ಮಾಡಲಿಲ್ಲ. ಹೆಗಲ ಮೇಲೆ ಕೈಯಿಟ್ಟು, "ನಿನ್ನ ಓಟಿನಿಂದ ಆದದ್ದಲ್ಲ ಬಿಡು, ಮನಸ್ಸಿಗೆ ಹಚ್ಚಿಕೋಬೇಡ" ಎಂದ. ಸೋಲಪ್ಪನ ಓಟು ಗೆದ್ದಿತ್ತು! ಹುಟ್ಟಿದಂದಿನಿಂದ ಮೊಟ್ಟಮೊದಲ ಸಲ ಗೆದ್ದಿತ್ತು, ಅಕ್ಕನ ವಿರುದ್ಧ.

ಸಂಜೆ ಶಾಸಕನ ಮೆರವಣಿಗೆ ಅದೇ ಬೀದಿಯಲ್ಲಿ ಬಂತು. ತೆರೆದ ಜೀಪಿನಲ್ಲಿ ನಿಂತು ಅಂಗಡಿ ಅಂಗಡಿಗೂ ಕೈ ಮುಗಿಯುತ್ತಿದ್ದವನು ಇವನ ಕಡೆಗೂ ಮುಗಿದ. "ನನಗೆ ಓಟು ಕೊಟ್ಟ ಪ್ರತಿಯೊಬ್ಬರಿಗೂ ನಾನು ಋಣಿ" ಎಂದು ಮೈಕು ಕಿರುಚಿತು. ಸೋಲಪ್ಪ ಷಟರ್ ಎಳೆದುಕೊಂಡು ಒಳಗೆ ಕೂತ. ಒಂದು ಓಟಿನಿಂದ ಅಕ್ಕನೇನೂ ಗೆಲ್ಲುತ್ತಿರಲಿಲ್ಲ, ಅಷ್ಟು ಲೆಕ್ಕ ಅವನಿಗೂ ಬರುತ್ತಿತ್ತು. ಆದರೆ ಆ ಮುನ್ನೂರು ಚಿಲ್ಲರೆ ಜನರಲ್ಲಿ ತಾನಿಲ್ಲವಲ್ಲ ಎಂಬ ಸಂಕಟ ಯಾವ ಲೆಕ್ಕಕ್ಕೂ ಬಗ್ಗಲಿಲ್ಲ. ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. ಹೆಂಡತಿ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ವರ್ಷ ತುಂಬುವುದರೊಳಗೆ ದೇಶದ ಚುನಾವಣೆ ಬಂತು. ಈ ಸಲ ಯಾವ ಉಪಾಯವನ್ನೂ ಮಾಡದೆ, ಮನಸ್ಸಿಗೆ ಸರಿ ಕಂಡವರಿಗೆ ಒತ್ತಿ ಬಂದ. ಅವರು ಸೋತರು. "ನಮ್ಮ ಸೋಲಪ್ಪ ಮಾತು ತಪ್ಪೋನಲ್ಲ!" ಎಂದು ಚಹಾದಂಗಡಿಯಲ್ಲಿ ಮತ್ತೆ ನಗೆ ಎದ್ದಿತು. ಹಿಂದೆಲ್ಲ ಹಿತವಾಗಿದ್ದ ಆ ಹೆಸರು ಅಂದು ಕಪಾಳಕ್ಕೆ ಹೊಡೆದ ಹಾಗಾಯಿತು. ಕುಡಿಯುತ್ತಿದ್ದ ಚಹಾ ಅಲ್ಲೇ ಬಿಟ್ಟು ಎದ್ದ. ಇನ್ನು ತಡೆಯಲಾರೆ, ಏನಾದರಾಗಲಿ, ಅಕ್ಕನಿಗೆ ಹೇಳಿಯೇಬಿಡುತ್ತೇನೆ ಎಂದು ನೇರ ಅವಳ ಮನೆಗೆ ನಡೆದ.

ಅಕ್ಕ ಟಿವಿಯ ದನಿ ತಗ್ಗಿಸಿ ಕೂತಿದ್ದಳು. ಸೋತ ಮೇಲೆ ಅವಳು ಮನೆಯಿಂದ ಹೊರಗೆ ಹೋಗುವುದು ಕಡಿಮೆಯಾಗಿತ್ತು.

"ಬಂದ್ಯಾ? ನೋಡ್ತಾ ಇದ್ದೆ. ಮತ್ತೆ ನಿನ್ನವರು ಮಣ್ಣು ಮುಕ್ಕಿದ್ರು."

"ಅಕ್ಕಾ, ನಿನಗೊಂದು ಮಾತು ಹೇಳ್ಬೇಕು. ಆವತ್ತು, ನೀನು ನಿಂತಿದ್ದಾಗ, ನಾನು..."

"ಗೊತ್ತು ಬಿಡೋ."

ಸೋಲಪ್ಪ ಬಾಗಿಲ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿದ.

"ಎರಡು ದಿನ ಊಟ ಬಿಟ್ಟೆಯಂತೆ. ನಿನ್ನ ಹೆಂಡತಿ ಆಗ್ಲೇ ಹೇಳಿದ್ಲು. ನಿನ್ನ ಓಟಿನಿಂದ ನಾನು ಸೋತೆ ಅಂತ ಕೊರಗ್ತಿದ್ದೀಯಾ? ಪೆದ್ದ ನೀನು." ಅಕ್ಕ ನಕ್ಕಳು. ಆಮೇಲೆ ಅವಳ ದನಿ ಸಣ್ಣದಾಯಿತು. "ಈ ಊರಲ್ಲಿ ಅರ್ಧ ಜನ ನನ್ನ ಕೈಲೇ ಹುಟ್ಟಿದ್ದು. ಈಗ ಬೀದೀಲಿ ಹೋಗ್ತಾ ಒಬ್ಬೊಬ್ಬರ ಮುಖ ನೋಡ್ತೀನಿ, ಇವನು ನನಗೆ ಹಾಕಿದ್ನಾ, ಇವಳು ಹಾಕಿದ್ಲಾ ಅಂತ. ಕೆಟ್ಟ ಬುದ್ಧಿ ಕಣೋ, ಆದ್ರೆ ಬಿಡಕ್ಕಾಗ್ತಿಲ್ಲ. ಯಾರು ನಮಸ್ಕಾರ ಅಂದ್ರೂ ಅನುಮಾನ. ಅದಕ್ಕೇ ಹೊರಗೆ ಹೋಗೋಕೇ ಮನಸ್ಸಾಗಲ್ಲ. ನಿನ್ನೊಬ್ಬನ ಮುಖ ನೋಡಿದ್ರೆ ಮಾತ್ರ ಆ ತಂಟೆ ಇಲ್ಲ. ನೀನು ಬಂದು ಕೂತ್ರೆ ನನಗೆ ನಿರಾಳ."

ಸೋಲಪ್ಪ ಅವಳ ಪಕ್ಕದಲ್ಲಿ ಕೂತ.

"ಏನೋ ಹೇಳ್ಬೇಕು ಅಂದ್ಯಲ್ಲ?"

"ಏನಿಲ್ಲಕ್ಕ," ಎಂದ ಅವನು. "ಆವತ್ತು ಒಂದು ಗಳಿಗೆಯೂ ಯೋಚಿಸಲಿಲ್ಲ. ಬಕೆಟ್ಟು ಕಂಡ ಕೂಡ್ಲೇ ಒತ್ತಿಬಿಟ್ಟೆ. ಅದನ್ನೇ ಹೇಳೋಣ ಅಂತ ಬಂದೆ."

"ಅದನ್ನೂ ಹೇಳ್ಬೇಕಾ ಹುಚ್ಚಪ್ಪ?" ಎಂದು ಅಕ್ಕ ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅಷ್ಟೊಂದು ನೆಮ್ಮದಿ ಅವಳ ಮುಖದಲ್ಲಿ ಚುನಾವಣೆಯಾದ ಮೇಲೆ ಒಮ್ಮೆಯೂ ಕಂಡಿರಲಿಲ್ಲ. ಸೋಲಪ್ಪ ಅದನ್ನು ನೋಡಲಾರದೆ ಟಿವಿಯ ಕಡೆ ಮುಖ ತಿರುಗಿಸಿದ.