ಮೀನಿನ ವಾಸನೆ

ತೊಂಬತ್ತರ ದಶಕದ ನಡುವೆ ಪಾಂಡವಪುರದ ನಮ್ಮ ಮನೆಯಲ್ಲೊಂದು ಕಂದು ನಾಯಿ ಇತ್ತು. ಅಪ್ಪ ಚಿನ್ನದ ಕೆಲಸದವರು. ನಡುಮನೆಯ ಮೂಲೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಊದುಗೊಳವೆ ಕಚ್ಚಿಕೊಂಡು ಕೂತರೆ, ನಾಯಿ ಅವರ ಮಂಡಿಗೆ ಒರಗಿ ಮಲಗುತ್ತಿತ್ತು. ಬಾಯಲ್ಲಿ ಕೊಳವೆ ಇದ್ದಾಗ ಕೂಗಿ ಕರೆಯುವಂತಿರಲಿಲ್ಲ. ಬೆರಳಿಂದ ನೆಲ ತಟ್ಟುತ್ತಿದ್ದರು, ಅದು ಬರುತ್ತಿತ್ತು. ಅದಕ್ಕೆ ಬೇರೆ ಹೆಸರಿರಲಿಲ್ಲ.

ಒಂದು ಮಳೆಗಾಲ ಅದು ಅಂಗಳದಲ್ಲಿ ಕೂತುಕೊಂಡೇ ಹಿಂಭಾಗವನ್ನು ನೆಲಕ್ಕೆ ಉಜ್ಜಿ ತೆವಳತೊಡಗಿತು. ಅಮ್ಮ ಬಿಟ್ಟ ರಂಗೋಲಿ ಅಳಿಸಿಹೋಗುತ್ತಿತ್ತು. ಜಂತುಹುಳ ಎಂದುಕೊಂಡು ಬೇವಿನ ಸೊಪ್ಪು ಅರೆದು ಕುಡಿಸಿದರು. ಆಮೇಲೆ ವಾಸನೆ ಶುರುವಾಯಿತು. ಹಸಿ ಮೀನಿನ ವಾಸನೆ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ.

“ನಾಲೆ ಏರಿ ಮೇಲೆ ಮೀನು ಮಾರೋ ತಾವ ಹೋಗಿ ತಿನ್ಕಬತ್ತದೆ ಇದು,” ಎಂದರು ಅಮ್ಮ. “ದೇವ್ರ ಮನೆ ಗಂಟ ನಾರ್ತದೆ. ಆಚೆಗಾಕಿ.”

ಓಲೆ ಮಾಡಿಸಲು ಬಂದಿದ್ದ ಗೌಡರೊಬ್ಬರು ಮೂಗು ಮುಚ್ಚಿಕೊಂಡು ನಕ್ಕರು. “ಆಚಾರ್ರೇ, ನಿಮ್ ನಾಯಿ ಮೀನ್ ತಿನ್ನೋ ನಮ್ ಕಡಿಕ್ಕೆ ಸೇರ್ಕಬುಡ್ತು ಬುಡಿ.”

ಅಪ್ಪ ನಗಲಿಲ್ಲ. ನಾಯಿ ಒಳಗೆ ಬಂದಾಗ ಇಕ್ಕಳ ಎತ್ತಿ ತೋರಿಸಿ “ಆಚೆ” ಎಂದರು. ಮರುದಿನವೂ ಎಂದರು. ಕೆಲವು ದಿನ ಅದು ಹೊಸ್ತಿಲ ಮೇಲೆ ಕಾಲಿಟ್ಟು ಅವರ ಮುಖ ನೋಡಿತು, ಆಮೇಲೆ ಇಡಲಿಲ್ಲ. ಮೀನಿನ ಚಪಲ ಬಿಡಲಿ ಎಂದು ಅಮ್ಮ ಮುದ್ದೆ ನಿಲ್ಲಿಸಿ ಹಾಲನ್ನ ಹಾಕಿದರು. ಅದರ ಹೊಟ್ಟೆ ಸಡಿಲವಾಯಿತು. ವಾಸನೆ ಹೆಚ್ಚಿತು.

ಬಾಲದ ಕೆಳಗೆ ಊತವೆದ್ದು, ಅದು ಒಡೆದು ರಕ್ತ ಸೋರಿದ ದಿನ ಅಪ್ಪ ಮತ್ತು ನಾನು ಅದನ್ನು ಗೋಣಿಚೀಲದಲ್ಲಿ ಸುತ್ತಿ ದನದ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಬಾಲ ಎತ್ತಿ ನೋಡಿ ವಿವರಿಸಿದರು. ಪ್ರತಿ ನಾಯಿಗೂ ಗುದದ್ವಾರದ ಎರಡೂ ಪಕ್ಕ ಸಣ್ಣ ಚೀಲಗಳಿರುತ್ತವೆ. ಮಲ ಗಟ್ಟಿಯಾಗಿದ್ದರೆ ಹೋಗುವಾಗ ಅವನ್ನು ಒತ್ತುತ್ತದೆ, ಒಳಗಿನ ರಸ ಹೊರಬರುತ್ತದೆ. ಸಡಿಲವಾದರೆ ರಸ ಅಲ್ಲೇ ನಿಂತು ಮಂದವಾಗಿ, ಕೆಲವೊಮ್ಮೆ ಕೀವಾಗುತ್ತದೆ. ನೆಲಕ್ಕೆ ಉಜ್ಜುವುದು, ಅಲ್ಲೇ ನೆಕ್ಕುವುದು ಆ ನೋವಿಗೆ.

“ಮತ್ತೆ ಮೀನು?” ಎಂದರು ಅಪ್ಪ.

“ಯಾವ ಮೀನೂ ಇಲ್ಲ ಆಚಾರ್ರೇ. ಆ ರಸದ ವಾಸನೆಯೇ ಹಾಗೆ.”

ಗಾಯ ತೊಳೆದು ಇಂಜೆಕ್ಷನ್ ಕೊಟ್ಟರು. ಬಿಸಿನೀರಿನ ಬಟ್ಟೆಯಿಂದ ಶಾಖ ಕೊಡಿ, ಮುದ್ದೆಯನ್ನೇ ಹಾಕಿ, ಬೇಯಿಸಿದ ಸಿಹಿಗುಂಬಳ ಬೆರೆಸಿ. ಮತ್ತೆ ಉಜ್ಜತೊಡಗಿದರೆ ಕಾಯದೆ ಕರೆತನ್ನಿ, ನೀವಾಗಿ ಒತ್ತಬೇಡಿ ಎಂದರು.

ದಾರಿಯಲ್ಲಿ ಅಪ್ಪನೇ ಅದನ್ನು ಎತ್ತಿಕೊಂಡು ಬಂದರು. ಶಾಖ ಕೊಟ್ಟವರು ಅವರೇ, ಜಗಲಿಯಲ್ಲಿ ಕೂತು. ಗಾಯ ಮಾಯಿತು, ವಾಸನೆ ಹೋಯಿತು. ಅಮ್ಮ ಅಗ್ಗಿಷ್ಟಿಕೆಯ ಪಕ್ಕ ಹಳೆಯ ಕಂಬಳಿ ಹಾಸಿದರು. ಅಪ್ಪ ನೆಲ ತಟ್ಟಿದರು. ನಾಯಿ ಓಡಿ ಬಂತು, ಹೊಸ್ತಿಲ ತನಕ. ಅಲ್ಲಿ ನಿಂತು ಬಾಲ ಆಡಿಸಿತು.

“ಬಾರ್ಲಾ ಒಳಿಕ್ಕೆ,” ಎಂದರು ಅಪ್ಪ. “ನೀನೇನೂ ಮಾಡಿಲ್ಲ ಕಣ್ಲಾ.”

ಬರಲಿಲ್ಲ. ಎತ್ತಿ ತಂದು ಕಂಬಳಿಯ ಮೇಲೆ ಬಿಟ್ಟರೆ ನಡುಗುತ್ತ ಹೊರಗೆ ಹೋಗುತ್ತಿತ್ತು. ಕೆಲಸವನ್ನು ಜಗಲಿಗೆ ತರುವಂತಿರಲಿಲ್ಲ, ಗಾಳಿಗೆ ಚಿನ್ನದ ಪುಡಿ ಹಾರುತ್ತದೆ. ಅಪ್ಪ ಅಗ್ಗಿಷ್ಟಿಕೆಯನ್ನು ಮೂಲೆಯಿಂದ ಬಾಗಿಲ ಕಡೆಗೆ ಸರಿಸಿಕೊಂಡರು. ನಾಯಿ ಬದುಕಿದ್ದಷ್ಟು ವರ್ಷವೂ ದಿನಕ್ಕೊಮ್ಮೆಯಾದರೂ ನೆಲ ತಟ್ಟಿ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಅಮ್ಮ ಬಾಗಿಲಿಗೆ ನೀರು ಹಾಕಲು ಹೋದಾಗ ನಾಯಿ ಎದ್ದು ಸರಿಯಲಿಲ್ಲ. ಹೊಸ್ತಿಲಿಗೆ ಹೊರಗಿನಿಂದ ತಲೆ ಒರಗಿಸಿ ಮಲಗಿತ್ತು. ಅಪ್ಪ ಒಳಗಡೆ ಕುಕ್ಕುರುಗಾಲಲ್ಲಿ ಕೂತು ನೆಲ ತಟ್ಟಿದರು. ಸ್ವಲ್ಪ ಹೊತ್ತು ತಟ್ಟುತ್ತಲೇ ಇದ್ದರು.