ಚಿ. ಎಂಕನಿಗೆ

ಪುಸ್ತಕವನ್ನು ಮೂಸಿ ನೋಡಿ ಬೆಲೆ ಹೇಳುವವರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಬಂಗುಡೆಯ ಕಿವಿರು ಎತ್ತಿ, ಮೂಸಿ, ಮೂಗು ಮುರಿದು ಕೊಳ್ಳುವವರ ನಡುವೆ ಬೆಳೆದವನು ನಾನು. ಆದರೂ ಮೊನ್ನೆ ಮಣಿಪಾಲದಲ್ಲಿ ಒಬ್ಬ ತರುಣ ನನ್ನ ಹಳೆಯ ಚಿತ್ರಕಥೆಯ ಪುಸ್ತಕವನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಾಗ ಸ್ವಲ್ಪ ಗಾಬರಿಯಾಯಿತು.

"ತೇವ ಹಿಡಿದಿಲ್ಲ ಸರ್," ಎಂದ. ಮತ್ತೊಮ್ಮೆ ಮೂಸಿ, "ಆದರೆ ಬೂತಾಯಿ ಮೀನಿನ ವಾಸನೆ ಉಂಟು, ಅಲ್ವಾ?" ಎಂದ.

ಉಂಟು. ಇಲ್ಲದೆ ಎಲ್ಲಿಗೆ ಹೋಗುತ್ತದೆ? ಕಾಪುವಿನ ನಮ್ಮ ಅಂಗಳದಲ್ಲಿ ಮಳೆಗಾಲ ಬಿಟ್ಟರೆ ಉಳಿದ ಕಾಲವೆಲ್ಲ ಮೀನು ಒಣಗುತ್ತಿತ್ತು. ನಮ್ಮ ಅಂಗಿಗೆ, ತಲೆಗೂದಲಿಗೆ, ಮಗ್ಗಿ ಪುಸ್ತಕಕ್ಕೆ ಎಲ್ಲಕ್ಕೂ ಅದೇ ವಾಸನೆ. ಈ ಪುಸ್ತಕ ಮಾತ್ರ ಬೇರೆ ಜಾತಿಯದಾಗಿ ಉಳಿಯಬೇಕೆಂದರೆ ಹೇಗೆ?

ಪುಸ್ತಕದ ಹೆಸರು 'ದೋಣಿ ದೂಮ'. ನೀವು ಕೇಳಿರಲಾರಿರಿ. ಉಡುಪಿಯ ಒಂದು ಸಣ್ಣ ಮುದ್ರಣಾಲಯದಲ್ಲಿ ಅಚ್ಚಾಗಿ, ಎಂಟು ಸಂಚಿಕೆ ಬಂದು ನಿಂತುಹೋದ ಚಿತ್ರಕಥೆ. ದೂಮ ಎಂಬ ಹುಡುಗ ಒಂದು ತೂತುದೋಣಿ ಹಿಡಿದುಕೊಂಡು ಕಡಲುಗಳ್ಳರನ್ನೆಲ್ಲ ಮಣ್ಣುಮುಕ್ಕಿಸುತ್ತಾನೆ. ಬರೆದವರು ಬಯಲುಸೀಮೆಯಿಂದ ಬಂದು ಇಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವರು. ನನ್ನ ಬಳಿ ಇರುವುದು ಮೊದಲ ಸಂಚಿಕೆ, ಅದರ ಮೇಲೆ ಅವರದೇ ಸಹಿ. ಮನೆಗೆ ಬಣ್ಣ ಬಳಿಸುವಾಗ ಟ್ರಂಕಿನ ತಳದಲ್ಲಿ ಸಿಕ್ಕಿತು. ಹಣದ ತಾಪತ್ರಯ ನನಗೇನೂ ಇಲ್ಲ, ಪಿಂಚಣಿ ಬರುತ್ತದೆ. ನನ್ನ ಬಳಿ ಇರುವ ಒಂದು ವಸ್ತುವಿಗಾದರೂ ಬೆಲೆ ಇದೆ ಎಂದು ಯಾರಾದರೂ ಹೇಳಲಿ ಎಂಬ ಚಪಲ, ಅಷ್ಟೇ. ನಾನೋ ಹಿಡಿದದ್ದನ್ನು ಬಿಡುವ ಪೈಕಿಯಲ್ಲ. ಇಂಥವನ್ನು ಸಂಗ್ರಹಿಸುವವರು ಯಾರಿದ್ದಾರೆಂದು ಹದಿನೈದು ದಿನ ಎಲ್ಲರ ತಲೆ ತಿಂದು, ಕೊನೆಗೆ ಈ ತರುಣನನ್ನು ಪತ್ತೆಹಚ್ಚಿದೆ.

ಅವನು ಮುಖಪುಟ ತೆರೆದ. ನೀಲಿ ಶಾಯಿಯ ಬರಹ ಓದಿದ: "ಚಿ. ಎಂಕನಿಗೆ, ಪ್ರೀತಿಯಿಂದ." ಕೆಳಗೆ ಸಹಿ.

"ಎಂಕ ಅಂದರೆ ನೀವಾ ಸರ್?"

"ಅಲ್ಲ."

"ಮತ್ತೆ ಯಾರು?"

"ಯಾರೂ ಅಲ್ಲ."

ಅವನು ಪುಸ್ತಕವನ್ನು ಮೆಲ್ಲಗೆ ಕೆಳಗಿಟ್ಟ. ಬರಿಯ ಸಹಿ ಇದ್ದರೆ ಬೆಲೆ ಏರುತ್ತದಂತೆ. ಸಹಿಯ ಜೊತೆ ಇಂಥವರಿಗೆ ಎಂದು ಹೆಸರಿದ್ದರೆ ಇಳಿಯುತ್ತದಂತೆ. ಆ ಹೆಸರು ಯಾರದೆಂದೇ ಗೊತ್ತಿಲ್ಲದಿದ್ದರೆ ದೇವರೇ ಗತಿ. ನನಗೆ ಇದು ಥಟ್ಟನೆ ಅರ್ಥವಾಯಿತು. ನಮ್ಮ ಮದುವೆಗಳಲ್ಲಿ ಕೊಡುವ ಸ್ಟೀಲ್ ಪಾತ್ರೆಗಳನ್ನು ನೋಡಿ. ಹೆಸರು ಕೊರೆಸದ ಚರಿಗೆಯನ್ನು ಮುಂದಿನ ಮದುವೆಗೆ ದಾಟಿಸಬಹುದು, ಅಲ್ಲಿಂದ ಅದು ಇನ್ನೊಂದಕ್ಕೆ ದಾಟಬಹುದು. ಚುಕ್ಕೆ ಚುಕ್ಕೆಯಾಗಿ ಹೆಸರು ಬಿದ್ದಿತೋ, ಮುಗಿಯಿತು, ಅದು ನಿಮ್ಮ ಮನೆಯಲ್ಲೇ ಸವೆಯಬೇಕು. ಅಂಚೆ ಕಚೇರಿಯಲ್ಲಿ ಮೂವತ್ತಾರು ವರ್ಷ ಠಸ್ಸೆ ಒತ್ತಿದವನು ನಾನು. ಒಮ್ಮೆ ಶಾಯಿ ಬಿದ್ದ ಮೇಲೆ ಚೀಟಿಯ ಹಣೆಬರಹ ಬದಲಾಗುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಒಂದು ಕೆಲಸ ಮಾಡುವ ಸರ್," ಎಂದ ತರುಣ. "ಈ ಸಹಿ ಹೇಗೆ ಬಂತು, ಎಂಕ ಯಾರು, ಪುಸ್ತಕ ನಿಮ್ಮ ಕೈಗೆ ಹೇಗೆ ಬಂತು ಅಂತ ಒಂದು ಪುಟ ಬರೆದು ಸಹಿ ಹಾಕಿ ಕೊಡಿ. ಕಥೆ ಇದ್ದರೆ ಕೊಳ್ಳುವವರು ಉಂಟು. ಆದರೆ ನಿಜ ಬರೆಯಬೇಕು. ಮತ್ತೆ ಪುಸ್ತಕದ ಮೇಲೆ ಹೊಸದಾಗಿ ಒಂದು ಗೆರೆಯೂ ಬೀಳಬಾರದು."

ಒಂದು ಪುಟ ತಾನೇ! ಆ ಸಂಜೆಯೇ ಉಡುಪಿಯ ಮನೆಯಲ್ಲಿ ಕುಳಿತು ಬರೆಯತೊಡಗಿದೆ. "ಈ ಪುಸ್ತಕ ನನ್ನದು." ಮೊದಲ ವಾಕ್ಯಕ್ಕೇ ಪೆನ್ನು ನಿಂತಿತು. ಹಾಳೆ ಹರಿದೆ. "ಈ ಪುಸ್ತಕವನ್ನು ನಾನು ಬಾಲ್ಯದಲ್ಲಿ ಪಡೆದೆ." ಅದನ್ನೂ ಹರಿದೆ. ಆ ಒಂದು ಪುಟವೇ ಹರಿದು ಹರಿದು ಈಗ ನೀವು ಓದುತ್ತಿರುವಷ್ಟು ಉದ್ದವಾಗಿದೆ. ನಿಜವನ್ನು ನಿಮಗಾದರೂ ಹೇಳುತ್ತೇನೆ.

ನನಗಾಗ ಒಂಬತ್ತು, ನನ್ನ ಅಕ್ಕ ಗುಲಾಬಿಗೆ ಹನ್ನೆರಡು. ಮೇಷ್ಟರು ನಮ್ಮ ಶಾಲೆಗೆ ಬಂದು, ಮೇಜಿನ ಮೇಲೆ ಪುಸ್ತಕ ಮಾರಾಟಕ್ಕೆ ಹರಡಿಕೊಂಡು ಕುಳಿತಿದ್ದರು. ಅಕ್ಕ ಆ ಬೇಸಿಗೆಯಿಡೀ ಗುಡ್ಡೆಯಲ್ಲಿ ಗೇರುಬೀಜ ಹೆಕ್ಕಿ ಮಾರಿ, ಬಂದದ್ದನ್ನು ಅದಕ್ಕೆಂದೇ ಲಂಗದ ತುದಿಯಲ್ಲಿ ಗಂಟುಕಟ್ಟಿಕೊಂಡಿದ್ದಳು. ನಾನು ಅವಳ ಬಾಲ ಹಿಡಿದುಕೊಂಡು ಹೋದವನು. ಮೇಷ್ಟರು ಪುಸ್ತಕ ತೆರೆದು, ಪೆನ್ನಿನ ಟೋಪಿ ತೆಗೆದು ಕೇಳಿದರು:

"ಯಾರಿಗೆ ಬರೀಲಿ?"

"ಎಂಕ್!" ಎಂದಳು ಅಕ್ಕ.

"ಎಂಕ್! ಎಂಕ್!" ಎಂದು ನಾನು ಅವಳಿಗಿಂತ ಜೋರಾಗಿ ಅರಚಿದೆ.

ತುಳುವಿನಲ್ಲಿ ಎಂಕ್ ಎಂದರೆ ನನಗೆ. ಮೇಷ್ಟರು ಊರಿಗೆ ಹೊಸಬರು, ತುಳುವಿನ ಗಂಧವಿಲ್ಲ. ಇಬ್ಬರು ಮಕ್ಕಳು ಸೇರಿ ವೆಂಕಟೇಶನೋ ವೆಂಕಪ್ಪನೋ ಒಬ್ಬನ ಹೆಸರು ಹೇಳುತ್ತಿದ್ದಾರೆಂದು ತಿಳಿದರು. ಚೆಂದದ ಅಕ್ಷರದಲ್ಲಿ ಬರೆದೇಬಿಟ್ಟರು. ಹೀಗೆ ಎಂಕ, ನಾಣಿ, ಸೀನರ ಪೈಕಿಯ ಎಂಕನೊಬ್ಬ ನಮ್ಮಿಬ್ಬರ ಮಧ್ಯೆ ಬಂದು ಕುಳಿತ.

ನಗುವ ಸಂಗತಿಯೇ. ಇದನ್ನು ಅಂಚೆ ಕಚೇರಿಯಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಹೇಳದೆ ಬಿಟ್ಟದ್ದು ಮುಂದಿನದು. ಮರುವರ್ಷ ಅಕ್ಕನನ್ನು ಶಾಲೆ ಬಿಡಿಸಿದರು; ಅಮ್ಮನ ಜೊತೆ ಮೀನಿನ ಬುಟ್ಟಿ ಹೊರಲು ಒಬ್ಬರು ಬೇಕಿತ್ತು. ಒಂದು ದಿನ ಅವಳು ಅಂಗಳದಲ್ಲಿ ಮೀನು ಮಗುಚಿಹಾಕುತ್ತಾ, ನಡುನಡುವೆ ದೂಮನನ್ನು ಓದುತ್ತಿದ್ದಳು. ನಾನು ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡು, "ಶಾಲೆ ಬಿಟ್ಟವಳಿಗೆ ಪುಸ್ತಕ ಎಂತಕ್ಕೆ?" ಎಂದೆ. ಅವಳು ಜಗಳಾಡಲಿಲ್ಲ. ಜಗಳಾಡಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಪುಸ್ತಕ ನನ್ನ ಟ್ರಂಕಿಗೆ ಸೇರಿತು, ಐವತ್ತು ವರ್ಷ ಅಲ್ಲೇ ಇತ್ತು. ಇಂದಿಗೂ ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಹಾಳೆ ಹರಿದ ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಕಾಪುವಿಗೆ ಹೋದೆ. ಅಕ್ಕ ಈಗಲೂ ಮೀನು ಮಾರುಕಟ್ಟೆಯಲ್ಲಿ ಕೂರುತ್ತಾಳೆ. ಮಕ್ಕಳು ಬೇಡವೆಂದರೂ ಕೇಳುವುದಿಲ್ಲ. ಹಠ ನಮ್ಮ ಮನೆತನದ ಆಸ್ತಿ. ನಾವಿಬ್ಬರು ಮಾತಾಡುವುದು ತುಳುವಿನಲ್ಲೇ, ನಿಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

"ಎಂತ ಮಾರಾಯ, ಹೊತ್ತಲ್ಲದ ಹೊತ್ತಿಗೆ? ಮನೆಯಲ್ಲಿ ಎಲ್ಲ ಹುಷಾರಾ?"

"ಹುಷಾರು. ದೋಣಿ ದೂಮನ ಪುಸ್ತಕ ನೆನಪುಂಟಾ ಅಕ್ಕ?"

"ಎಂಕನದ್ದಾ?" ಎಂದು ನಕ್ಕಳು.

"ಅದು ನಿನ್ನದು. ಮಾರಲಿಕ್ಕೆ ಹೊರಟಿದ್ದೆ. ಈಗ ವಾಪಸು ಕೊಡುತ್ತೇನೆ."

ಅವಳು ಒಬ್ಬ ಗಿರಾಕಿಗೆ ಅಂಜಲ್ ಮೀನು ಕೊಯ್ದು ಕೊಟ್ಟು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡಳು. "ನೀನೇ ಇಟ್ಟುಕೊ. ಶಾಲೆ ಬಿಟ್ಟವಳಿಗೆ ಪುಸ್ತಕ ಎಂತಕ್ಕೆ?" ಎಂದಳು. ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಮಾತು ಮಾತ್ರ ಒಂದಕ್ಷರ ಆಚೀಚೆಯಾಗದೆ ನನ್ನದೇ.

ಆಗ ಮನಸ್ಸು ಗಟ್ಟಿ ಮಾಡಿಕೊಂಡೆ. ಬಾಯಿಮಾತಿಗೆ ನಿನ್ನದು ಎಂದರೆ ಸಾಲದು. ಅದರ ಮೇಲೆ ಅವಳ ಹೆಸರೇ ಬೀಳಬೇಕು. ಮೇಷ್ಟರು ಕಾರ್ಕಳದಲ್ಲಿ ಮಗಳ ಮನೆಯಲ್ಲಿದ್ದಾರೆಂದು ವಿಚಾರಿಸಿ ತಿಳಿದುಕೊಂಡೆ. ಅಕ್ಕ ಬರುವುದಿಲ್ಲವೆಂದಳು, ಮಂಡೆಬೆಚ್ಚ ಮಾಡಬೇಡವೆಂದಳು. ನಾನು ಬಿಡಲಿಲ್ಲ. ಕೊನೆಗೆ, "ಸೋಮವಾರ ಆದರೆ ಬರುತ್ತೇನೆ, ಆ ದಿನ ಮೀನು ತಿನ್ನುವವರು ಕಡಿಮೆ," ಎಂದಳು.

ಮೇಷ್ಟರಿಗೆ ಎಂಬತ್ತು ದಾಟಿದೆ. ಪುಸ್ತಕವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಒಂದು ಪ್ರತಿಯೂ ಅವರಲ್ಲಿ ಉಳಿದಿರಲಿಲ್ಲ. ನಾನು ಎಂಕನ ಕಥೆ ಹೇಳಿದೆ.

"ಅಯ್ಯ! ನಮ್ಮೂರಾಗ ಓಣಿಗೊಬ್ಬ ಯಂಕಪ್ಪ ಇದ್ದ. ಇಲ್ಲೂ ಒಬ್ಬ ಸಿಕ್ಕ ಅಂತ ಭಾಳ ಖುಷಿ ಆಗಿತ್ತು ನೋಡ್ರಿ," ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ, "ನನ್ನ ಕೈ ಈಗ ನಡುಗತೈತಿ. ಬ್ಯಾರೆ ಹಾಳೆ ಮ್ಯಾಲೆ ಬರೆದುಕೊಡಲೇನು? ಪುಸ್ತಕ ಕೆಡತೈತಿ," ಎಂದರು.

ತರುಣನ ಎಚ್ಚರಿಕೆ ಕಿವಿಯಲ್ಲಿತ್ತು. "ಪುಸ್ತಕದ ಮೇಲೆಯೇ ಬರೆಯಿರಿ ಸರ್," ಎಂದೆ.

ಅವರು ಪೆನ್ನು ತೆಗೆದು ಅಕ್ಕನ ಕಡೆ ತಿರುಗಿದರು. ಐವತ್ತು ವರ್ಷದಲ್ಲಿ ಕಲಿತ ತುಳುವಿನಲ್ಲಿ, "ಏರೆಗ್?" ಎಂದರು. ಯಾರಿಗೆ ಎಂದು.

ಅಕ್ಕ ಗಲಿಬಿಲಿಗೊಂಡು ಶಾಲೆಯ ಕನ್ನಡದಲ್ಲಿ ಉತ್ತರಿಸಿದಳು: "ನನಗೆ."

"ಈ ಸಲ ಹೆಸರು ಹೇಳವ್ವ," ಎಂದರು ಮೇಷ್ಟರು.

ನಾನು ಬಾಯಿ ತೆರೆಯಲಿಲ್ಲ. ಅವಳೇ ಹೇಳಬೇಕಿತ್ತು. ಹೇಳಿದಳು. ಮೇಷ್ಟರು ಎಂಕನನ್ನು ಹೊಡೆದುಹಾಕದೆ ಅವನ ಕೆಳಗೆ, ದೋಣಿ ಅಲೆಯ ಮೇಲೆ ಹೋದ ಹಾಗೆ ಏರಿಳಿಯುವ ಅಕ್ಷರಗಳಲ್ಲಿ ಬರೆದರು: "ಗುಲಾಬಿಗೆ. ತಡವಾಗಿ." ಸಹಿ ಮುಗಿಯುವಾಗ ಒಂದು ಹನಿ ಶಾಯಿಯೂ ಬಿತ್ತು.

ಬಸ್‌ಸ್ಟ್ಯಾಂಡಿನಿಂದ ತರುಣನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

"ಎರಡೆರಡು ಹೆಸರಾ ಸರ್? ಶಾಯಿಯ ಕಲೆ ಬೇರೆಯಾ? ಹಾಗಾದರೆ ಅದು ಇನ್ನು ಓದಲಿಕ್ಕೆ ಮಾತ್ರ ಆಗುತ್ತದೆ."

ಪಾಪ, ಒಳ್ಳೆಯ ಹುಡುಗ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ.

ಉಡುಪಿಯ ಬಸ್ಸಿನಲ್ಲಿ ಅಕ್ಕನಿಗೆ ಕಿಟಕಿಯ ಪಕ್ಕದ ಸೀಟು ಕೊಟ್ಟೆ. ಬೈಲೂರು ದಾಟಿದ ಮೇಲೆ ಅವಳು ಪುಸ್ತಕವನ್ನು ಪ್ಲಾಸ್ಟಿಕ್ ಲಕೋಟೆಯಿಂದ ಹೊರತೆಗೆದಳು. ಕನ್ನಡಕ ಹಾಕಿಕೊಂಡು, ಮುಖಪುಟವನ್ನು ಬೆನ್ನಿನವರೆಗೆ ಮಡಚಿ ಹಿಂದಕ್ಕೆ ತಿರುಗಿಸಿದಳು. ಪುಸ್ತಕದ ನಡುವಿನಲ್ಲಿ ಚಟ್ಟೆಂದು ಸದ್ದಾಯಿತು. ಬೆರಳು ನಾಲಿಗೆಗೆ ತಾಗಿಸಿ ಪುಟ ತಿರುವಿದಳು, ತುಟಿ ಅಲ್ಲಾಡಿಸುತ್ತಾ ಓದತೊಡಗಿದಳು. ನಾನು ಬಾಗಿ ಇಣುಕಿದೆ. ದೂಮ ತೂತುದೋಣಿಯಲ್ಲಿ ನೀರು ಮೊಗೆಯುತ್ತಿದ್ದ. ಬಸ್ಸು ಹಿರಿಯಡ್ಕಕ್ಕೆ ಬಂದರೂ ಅವಳಿನ್ನೂ ಅದೇ ಪುಟದಲ್ಲಿದ್ದಳು.

"ಪುಟ ತಿರುಗಿಸು ಅಕ್ಕ, ಮುಂದೆ ಎಂತ ಆಗುತ್ತದೆ ನೋಡುವ," ಎಂದೆ.

"ತಡಿ ಮಾರಾಯ," ಎಂದಳು ತಲೆಯೆತ್ತದೆ. "ನನ್ನದು ಓದಿ ಆಗಲಿಲ್ಲ."

ನಾನು ಕೈಕಟ್ಟಿ ಕುಳಿತು ಕಾದೆ.